ಜಾಝ್ ಕಲಿಸೋಕಾಗುತ್ತಾ? ಮೂರು ವಾರದ ಒಂದು ಶಾಲೆಯ ಕಥೆ

ಭಾಗ 1/9: ಕಾಲ ಬಳಿ ಬಿದ್ದ ಸಿಂಬಲ್

ಅಕೌಂಟ್ಸ್ ಪುಸ್ತಕ ಮುಚ್ಚಿಟ್ಟು ಹಿಸ್ಟರಿ ಬರೆಯೋ ನಿಮ್ಮ ಬಿಕಾಂ ಹುಡುಗಿ ಮತ್ತೆ ಬಂದಿದ್ದೀನಿ. ಈ ಸಲ ಒಂಬತ್ತು ಪೋಸ್ಟ್, ವಿಷಯ ಜಾಝ್. ಓಡಿ ಹೋಗ್ಬೇಡಿ, ಸಂಗೀತ ಕಲಿಯದವರಿಗೂ ಅರ್ಥ ಆಗೋ ಹಾಗೆ ಬರೀತೀನಿ.

1936. ಅಮೆರಿಕದ ಕ್ಯಾನ್ಸಸ್ ಸಿಟಿ, ರಿನೋ ಕ್ಲಬ್. ರಾತ್ರಿಯ ಕಾರ್ಯಕ್ರಮ ಮುಗಿದ ಮೇಲೆ ಕಲಾವಿದರು ತಮ್ಮ ಖುಷಿಗೆ ಸೇರಿ ನುಡಿಸೋ ಜಾಮ್ ಸೆಷನ್. ಒಬ್ಬ ಹದಿಹರೆಯದ ಹುಡುಗ ಆಲ್ಟೋ ಸ್ಯಾಕ್ಸಫೋನ್ ಹಿಡ್ಕೊಂಡು ವೇದಿಕೆ ಹತ್ತಿದ. ಸ್ವಲ್ಪ ಹೊತ್ತು ನಡೀತು, ಆಮೇಲೆ ದಾರಿ ತಪ್ಪಿದ. ಡ್ರಮ್ಸ್ ಬಾರಿಸ್ತಿದ್ದವರು ಕೌಂಟ್ ಬೇಸಿ ತಂಡದ ಜೋ ಜೋನ್ಸ್. ಅವರು ಒಂದು ಸಿಂಬಲ್ ಬಿಚ್ಚಿ ಹುಡುಗನ ಕಾಲ ಬಳಿ ಎಸೆದ್ರಂತೆ. ಢಣ್! ಅರ್ಥ ಇಷ್ಟೇ: ಇಳಿ ಕೆಳಗೆ. ಸುತ್ತ ಇದ್ದವರು ನಕ್ಕರು.

ಆ ಹುಡುಗ ಚಾರ್ಲಿ ಪಾರ್ಕರ್. ಮುಂದಿನ ವರ್ಷ ಬೇಸಿಗೆಯಲ್ಲಿ ಓಝಾರ್ಕ್ ಬೆಟ್ಟದ ಕಡೆ ಕೆಲಸ ಸಿಕ್ತು. ಅಲ್ಲಿ ಲೆಸ್ಟರ್ ಯಂಗ್ ಅವರ ರೆಕಾರ್ಡ್‌ಗಳನ್ನ ಕೇಳಿ ಕೇಳಿ ಒಂದೊಂದು ಸೋಲೋನೂ ಬಾಯಿಪಾಠ ಮಾಡಿ ವಾಪಸ್ ಬಂದ. ಹತ್ತು ವರ್ಷದೊಳಗೆ ಜಾಝ್‌ನ ದಿಕ್ಕನ್ನೇ ಬದಲಿಸಿದವರಲ್ಲಿ ಅವನೂ ಒಬ್ಬ.

ಈ ಕಥೆಯನ್ನ ಎಲ್ಲರೂ ಮೋಟಿವೇಷನ್ ರೀಲ್ ಥರ ಹೇಳ್ತಾರೆ, ಅವಮಾನ ಆಯ್ತು, ಗೆದ್ದು ಬಂದ ಅಂತ. ನನಗೆ ಕಾಡೋ ಪ್ರಶ್ನೆ ಬೇರೆ. ಹೀಗೆ ಕೆಳಗಿಳಿಸಿಕೊಂಡು ಮತ್ತೆ ಬರದೇ ಹೋದವರು ಎಷ್ಟು ಜನ? ಅವರ ಲೆಕ್ಕ ಯಾವ ಲೆಡ್ಜರ್‌ನಲ್ಲೂ ಇಲ್ಲ.

ಹಾಗಾದ್ರೆ ಸ್ಥಳದಲ್ಲೇ ಹುಟ್ಟೋ ಸಂಗೀತವನ್ನ ಅವಮಾನ ಮಾಡದೆ ಕಲಿಸೋಕಾಗುತ್ತಾ? ಅದನ್ನ ಮಾಡಿ ನೋಡಿದವರ ಕಥೆ ಇದು.

ಭಾಗ 2/9: ಕಾಂಬೋ ಅಂದ್ರೆ ಏನು, ಅದರಲ್ಲಿ ಕಲಿಯೋದು ಏನು

ಕಥೆಗೆ ಮುಂಚೆ ಎರಡು ನಿಮಿಷ ಥಿಯರಿ. ಪರೀಕ್ಷೆಗೆ ಬರಲ್ಲ, ಆದ್ರೆ ಮುಂದೆ ಬೇಕಾಗುತ್ತೆ.

ಕಾಂಬೋ ಅಂದ್ರೆ ಚಿಕ್ಕ ಜಾಝ್ ತಂಡ, ಸಾಮಾನ್ಯವಾಗಿ ನಾಲ್ಕರಿಂದ ಏಳೆಂಟು ಜನ. ಪಿಯಾನೋ ಅಥವಾ ಗಿಟಾರ್, ಡಬಲ್ ಬೇಸ್, ಡ್ರಮ್ಸ್ ಸೇರಿದ್ರೆ ರಿದಮ್ ಸೆಕ್ಷನ್. ಅದರ ಮುಂದೆ ಸ್ಯಾಕ್ಸಫೋನ್, ಟ್ರಂಪೆಟ್ ಥರದ ಊದೋ ವಾದ್ಯಗಳು. ದೊಡ್ಡ ಬಿಗ್ ಬ್ಯಾಂಡ್‌ನಲ್ಲಿ ನೀವು ನುಡಿಸಬೇಕಾದ್ದು ಬಹುಪಾಲು ಮೊದಲೇ ಬರೆದಿರುತ್ತೆ. ಕಾಂಬೋದಲ್ಲಿ ಹಾಗಿಲ್ಲ. ಒಂದು ಟ್ಯೂನ್, ಅದರ ಕೆಳಗೆ ಕಾರ್ಡ್‌ಗಳ ಸಾಲು, ಅಷ್ಟೇ. (ಎಟಿಎಂ ಕಾರ್ಡ್ ಅಲ್ಲ ಮಗಾ. ಮೂರ್ನಾಲ್ಕು ಸ್ವರ ಒಟ್ಟಿಗೆ ಒತ್ತಿದಾಗ ಬರೋ ಗುಚ್ಛ.)

ಮೊದಲು ಎಲ್ಲರೂ ಸೇರಿ ಟ್ಯೂನ್ ನುಡಿಸ್ತಾರೆ. ಆಮೇಲೆ ಅದೇ ಕಾರ್ಡ್‌ಗಳು ಸುತ್ತು ಹಾಕ್ತಾ ಇರುವಾಗ ಒಬ್ಬೊಬ್ಬರೇ ಅದರ ಮೇಲೆ ಹೊಸದನ್ನ ಕಟ್ಟುತ್ತಾ ಹೋಗ್ತಾರೆ. ಕೊನೆಗೆ ಮತ್ತೆ ಟ್ಯೂನ್. ಬಹಳಷ್ಟು ಹಳೇ ಟ್ಯೂನ್‌ಗಳು 32 ಬಾರ್‌ನವು. ಒಂದು ಬಾರ್‌ಗೆ ನಾಲ್ಕು ಎಣಿಕೆ, ಅಂದ್ರೆ 128 ಎಣಿಕೆಯ ಒಂದು ಆವರ್ತ ಅಂದ್ಕೊಳ್ಳಿ. ಕಲ್ಪನಾ ಸ್ವರ ಹಾಡೋರು ಎಷ್ಟೇ ಸುತ್ತಿದ್ರೂ ಎಡುಪಿಗೆ ಸರಿಯಾಗಿ ಬಂದು ಸೇರ್ತಾರಲ್ಲ, ಇಲ್ಲೂ ಅದೇ. ಎಲ್ಲಿದ್ದೀನಿ ಅನ್ನೋದು ಮರೆತ್ರೆ ಸಿಂಬಲ್ ಬೀಳುತ್ತೆ.

ಕಾಮರ್ಸ್‌ನವರಿಗೊಂದು ಬೋನಸ್: ಕಾಪಿರೈಟ್ ಟ್ಯೂನ್‌ಗೆ ಇರುತ್ತೆ, ಕಾರ್ಡ್‌ಗಳ ಸಾಲಿಗೆ ಸಾಮಾನ್ಯವಾಗಿ ಇರಲ್ಲ. ಹಾಗಾಗಿ 1930ರ 'ಐ ಗಾಟ್ ರಿದಮ್' ಹಾಡಿನ ಕಾರ್ಡ್ ಇಟ್ಕೊಂಡು ಪಾರ್ಕರ್ ಕಾಲದವರು ಎಷ್ಟೋ ಹೊಸ ಟ್ಯೂನ್ ಕಟ್ಟಿದ್ರು. ಒಂದು ಹಾಡಿನ ಅಸ್ತಿಪಂಜರ ಗೊತ್ತಾದ್ರೆ ಹತ್ತು ಹಾಡು ಗೊತ್ತಾದ ಹಾಗೆ.

ಭಾಗ 3/9: ಕಾಲೇಜಿನ ಗೇಟು ಯಾರಿಗೆ ತೆರೆದಿತ್ತು

ಇದನ್ನ ಕಲಿಯೋ ಜಾಗ ಬಹುಕಾಲ ಕ್ಲಬ್ಬೇ ಆಗಿತ್ತು. 1940ರ ದಶಕದ ಶುರುವಲ್ಲಿ ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ ಮಿಂಟನ್ಸ್ ಪ್ಲೇಹೌಸ್ ಅಂತ ಒಂದಿತ್ತು. ಥೆಲೋನಿಯಸ್ ಮಂಕ್, ಕೆನ್ನಿ ಕ್ಲಾರ್ಕ್, ಡಿಜ್ಜಿ ಗಿಲೆಸ್ಪಿ ಅಲ್ಲಿ ರಾತ್ರಿಯೆಲ್ಲ ನುಡಿಸೋರು. ತಯಾರಿ ಇಲ್ಲದೋರು ವೇದಿಕೆ ಹತ್ತಿದ್ರೆ ಕಾರ್ಡ್‌ಗಳನ್ನ ಕಷ್ಟ ಮಾಡೋರು, ವೇಗ ಏರಿಸೋರು. ಪರೀಕ್ಷೆ ಇತ್ತು, ಪಾಠ ಇರಲಿಲ್ಲ.

ಕಾಲೇಜುಗಳು? 1945ರಲ್ಲಿ ಬಾಸ್ಟನ್‌ನಲ್ಲಿ ಒಂದು ಖಾಸಗಿ ಶಾಲೆ ಶುರುವಾಯ್ತು, ಮುಂದೆ ಅದೇ ಬರ್ಕ್ಲೀ. 1947ರಲ್ಲಿ ಟೆಕ್ಸಾಸ್‌ನ ಡೆಂಟನ್‌ನಲ್ಲಿ, ಈಗ ಯೂನಿವರ್ಸಿಟಿ ಆಫ್ ನಾರ್ತ್ ಟೆಕ್ಸಾಸ್ ಅನ್ನೋ ಕಡೆ, ಡಿಗ್ರಿಯೇ ಬಂತು. ಆದ್ರೆ ಅದರ ಹೆಸರು 'ಡಾನ್ಸ್ ಬ್ಯಾಂಡ್'. ಜಾಝ್ ಅಂದ್ರೆ ಮರ್ಯಾದಸ್ಥರ ಪದ ಅಲ್ಲ ಅನ್ನೋ ಕಾಲ ಅದು. ಇನ್ನೂ ಕಹಿ ವಿಷಯ ಏನಂದ್ರೆ ಆ ಕಾಲೇಜಿಗೆ 1950ರ ದಶಕದ ಮಧ್ಯದವರೆಗೂ ಕಪ್ಪು ವಿದ್ಯಾರ್ಥಿಗಳಿಗೆ ಪ್ರವೇಶವೇ ಇರಲಿಲ್ಲ.

ಒಂದ್ಸಲ ಯೋಚ್ನೆ ಮಾಡಿ. ಕಪ್ಪು ಅಮೆರಿಕನ್ನರು ಹುಟ್ಟುಹಾಕಿದ ಸಂಗೀತ. ಅದಕ್ಕೆ ಡಿಗ್ರಿ ಬಂತು. ಅವರ ಮಕ್ಕಳು ಮಾತ್ರ ಗೇಟಿನ ಹೊರಗೆ.

ಅಂದ್ರೆ ನಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆ ಇದೆ. ಕಲಿಸೋಕಾಗುತ್ತಾ ಅನ್ನೋದು ಒಂದು. ಕಲಿಸಿದ್ರೆ ಯಾರಿಗೆ ಅನ್ನೋದು ಇನ್ನೊಂದು.

ಭಾಗ 4/9: ಕುದುರೆ ಲಾಯದಲ್ಲಿ ಶಾಲೆ

ಈಗ ಮ್ಯಾಸಚೂಸೆಟ್ಸ್ ರಾಜ್ಯದ ಬರ್ಕ್‌ಶೈರ್ ಬೆಟ್ಟಗಳಿಗೆ ಬನ್ನಿ, ಲೆನಾಕ್ಸ್ ಅನ್ನೋ ಸಣ್ಣ ಊರು. ಹತ್ತಿರದಲ್ಲೇ ಟ್ಯಾಂಗಲ್‌ವುಡ್, ಬಾಸ್ಟನ್ ಸಿಂಫನಿ ಪ್ರತಿ ಬೇಸಿಗೆ ಬಂದು ನುಡಿಸೋ ಜಾಗ. ಅಂದ್ರೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಗಣ್ಯರ ಊರು. ಫಿಲಿಪ್ ಮತ್ತು ಸ್ಟೆಫನಿ ಬಾರ್ಬರ್ ದಂಪತಿ ಅಲ್ಲೊಂದು ಹಳೇ ಎಸ್ಟೇಟಿನ ಲಾಯ, ಕೊಟ್ಟಿಗೆಗಳನ್ನ ಕೊಂಡು ರಿಪೇರಿ ಮಾಡಿಸಿ 1950ರಲ್ಲಿ ಮ್ಯೂಸಿಕ್ ಇನ್ ಅನ್ನೋ ಅತಿಥಿಗೃಹ ತೆರೆದ್ರು. ಜಾನಪದ, ಜಾಝ್ ಬಗ್ಗೆ ಮಾತುಕತೆ, ಕಾರ್ಯಕ್ರಮ ನಡೀತಾ ಬಂತು. 1957ರ ಆಗಸ್ಟ್‌ನಲ್ಲಿ ಅಲ್ಲೇ ಲೆನಾಕ್ಸ್ ಸ್ಕೂಲ್ ಆಫ್ ಜಾಝ್ ಶುರುವಾಯ್ತು. ನಿರ್ದೇಶಕರು ಮಾಡರ್ನ್ ಜಾಝ್ ಕ್ವಾರ್ಟೆಟ್‌ನ ಪಿಯಾನಿಸ್ಟ್ ಜಾನ್ ಲೂಯಿಸ್. ಕೋರ್ಸಿನ ಅವಧಿ ಮೂರೇ ವಾರ.

ಮೇಷ್ಟ್ರ ಪಟ್ಟಿ ನೋಡಿ: ಡಿಜ್ಜಿ ಗಿಲೆಸ್ಪಿ, ಮ್ಯಾಕ್ಸ್ ರೋಚ್, ಆಸ್ಕರ್ ಪೀಟರ್ಸನ್, ರೇ ಬ್ರೌನ್, ಮಿಲ್ಟ್ ಜಾಕ್ಸನ್, ಜಿಮ್ಮಿ ಜುಫ್ರಿ. ಜಾಝ್ ಇತಿಹಾಸ ಹೇಳೋಕೆ ಮಾರ್ಷಲ್ ಸ್ಟರ್ನ್ಸ್. ವಿದ್ಯಾರ್ಥಿಗಳು? ನಮ್ಮ ಬಿಕಾಂನ ಒಂದು ಸೆಕ್ಷನ್‌ನಷ್ಟೂ ಇರಲಿಲ್ಲ.

ಬಂದವರನ್ನ ಸಣ್ಣ ಸಣ್ಣ ಕಾಂಬೋಗಳಾಗಿ ಹಂಚ್ತಿದ್ರು. ಒಂದೊಂದು ಕಾಂಬೋಗೂ ಒಬ್ಬ ಹಿರಿಯ ಕಲಾವಿದರ ಉಸ್ತುವಾರಿ. ಅದರ ಜೊತೆ ಒಬ್ಬೊಬ್ಬರಿಗೇ ಪಾಠ, ಸಂಯೋಜನೆಯ ತರಗತಿ, ಇತಿಹಾಸದ ಉಪನ್ಯಾಸ. ಕೊನೆಗೆ ಜನರ ಮುಂದೆ ಕಛೇರಿ. ಇಲ್ಲಿ ತಪ್ಪಿದ್ರೆ ಇಳಿಸ್ತಿರಲಿಲ್ಲ, ನಾಳೆ ಅದೇ ಟ್ಯೂನ್ ಅದೇ ಜನರ ಜೊತೆ ಮತ್ತೆ ನುಡಿಸಿಸ್ತಿದ್ರು. ಕ್ಲಬ್ಬಿಗೂ ವರ್ಕ್‌ಶಾಪಿಗೂ ವ್ಯತ್ಯಾಸ ಈ 'ನಾಳೆ'ಯಲ್ಲೇ ಇದೆ ಅನ್ಸುತ್ತೆ ನನಗೆ.

ಇನ್ನೊಂದು ಮಾತು. ಲೆನಾಕ್ಸ್‌ನಲ್ಲಿ ಕಪ್ಪು, ಬಿಳಿ ವಿದ್ಯಾರ್ಥಿಗಳು ಒಂದೇ ಕಾಂಬೋದಲ್ಲಿ ಕೂತು ಕಲೀತಿದ್ರು. ಮೊದಲ ಬ್ಯಾಚ್ ಮುಗಿದ ಮರುತಿಂಗಳೇ, 1957ರ ಸೆಪ್ಟೆಂಬರ್‌ನಲ್ಲಿ, ಲಿಟಲ್ ರಾಕ್ ಪಟ್ಟಣದಲ್ಲಿ 9 ಕಪ್ಪು ವಿದ್ಯಾರ್ಥಿಗಳು ಶಾಲೆಯೊಳಗೆ ಹೋಗೋಕೆ ಸೈನ್ಯ ಕಾವಲಿಗೆ ಬರಬೇಕಾಯ್ತು.

ಭಾಗ 5/9: ಮೇಷ್ಟ್ರಿಗೇ ಪ್ರಶ್ನೆಯಾದ ವಿದ್ಯಾರ್ಥಿ

ಶಾಲೆಯ ನಿಜವಾದ ಪರೀಕ್ಷೆ 1959ರಲ್ಲಿ. ಆ ವರ್ಷ ಇಬ್ಬರು ವಿಚಿತ್ರ ವಿದ್ಯಾರ್ಥಿಗಳು ಬಂದ್ರು. 22 ವರ್ಷದ ಟ್ರಂಪೆಟ್ ವಾದಕ ಡಾನ್ ಚೆರ್ರಿ, 29 ವರ್ಷದ ಆರ್ನೆಟ್ ಕೋಲ್ಮನ್.

ಕೋಲ್ಮನ್ ಟೆಕ್ಸಾಸ್‌ನ ಫೋರ್ಟ್ ವರ್ತ್‌ನವರು. ಸ್ಯಾಕ್ಸಫೋನನ್ನ ಹೆಚ್ಚಾಗಿ ತಾವೇ ಕಲಿತವರು. ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿ ಇವರ ನುಡಿಸಾಣಿಕೆ ಇಷ್ಟವಾಗದ ಜನ ಹೊಡೆದು ವಾದ್ಯವನ್ನೂ ಹಾಳು ಮಾಡಿದ್ರು. ಲಾಸ್ ಏಂಜಲಿಸ್‌ನಲ್ಲಿ ಲಿಫ್ಟ್ ಆಪರೇಟರ್ ಕೆಲಸ ಮಾಡ್ತಾ ಹೊಟ್ಟೆ ಹೊರೆದ್ರು. ನುಡಿಸ್ತಿದ್ದದ್ದು ಬಿಳೀ ಪ್ಲಾಸ್ಟಿಕ್ ಸ್ಯಾಕ್ಸಫೋನ್. ಲೆನಾಕ್ಸ್‌ಗೆ ಬರೋ ಹೊತ್ತಿಗೆ ಅವರು ಎರಡು ಆಲ್ಬಂ ರೆಕಾರ್ಡ್ ಮಾಡಿದ್ರು. ಅಟ್ಲಾಂಟಿಕ್ ಕಂಪನಿಗೆ ಮೇ ತಿಂಗಳಲ್ಲೇ ಇನ್ನೊಂದನ್ನ ರೆಕಾರ್ಡ್ ಮಾಡಿ ಆಗಿತ್ತು. ಅವರ ಕಲಿಕೆಯ ಖರ್ಚಿಗೆ ನಿಂತಿದ್ದೂ ಅಟ್ಲಾಂಟಿಕ್ಕೇ.

ಸಮಸ್ಯೆ ಏನಂದ್ರೆ, ಭಾಗ 2ರಲ್ಲಿ ಹೇಳಿದ ನಿಯಮಕ್ಕೆ ಇವರು ಕಟ್ಟುಬಿದ್ದಿರಲಿಲ್ಲ. ಕಾರ್ಡ್‌ಗಳ ಸಾಲು ಒಂದು ಕಡೆ ಹೋಗ್ತಾ ಇದ್ರೆ ಕೋಲ್ಮನ್ ಟ್ಯೂನ್‌ನ ಭಾವ ಹಿಡಿದು ಇನ್ನೊಂದು ಕಡೆ ಹೋಗೋರು. ಅವರ ಸ್ವಂತ ತಂಡದಲ್ಲಿ ಪಿಯಾನೋನೇ ಇರಲಿಲ್ಲ. ಲೆನಾಕ್ಸ್‌ನಲ್ಲಿ ಅವರನ್ನ ಹಾಕಿದ್ದು ಜಾನ್ ಲೂಯಿಸ್ ನೋಡ್ಕೊಳ್ತಿದ್ದ ಕಾಂಬೋಗೆ. ಅದರಲ್ಲಿ ಬೇಸ್‌ಗೆ ಲ್ಯಾರಿ ರಿಡ್ಲಿ, ಪಿಯಾನೋಗೆ 21 ವರ್ಷದ ಸ್ಟೀವ್ ಕೂನ್.

ಕೂನ್ ಜಾಗದಲ್ಲಿ ನಿಮ್ಮನ್ನ ಕೂರಿಸಿಕೊಳ್ಳಿ. ಕಾರ್ಡ್ ಹಿಡಿಯೋದೇ ನಿಮ್ಮ ಕೆಲಸ, ಮುಂದೆ ನಿಂತವರಿಗೆ ಕಾರ್ಡೇ ಬೇಡ. ಏನು ಮಾಡ್ತೀರ? ಒಂದೇ ದಾರಿ: ಹಾಳೆ ಬಿಟ್ಟು ಕಿವಿ ತೆರೆಯೋದು.

ಭಾಗ 6/9: ಆಗಸ್ಟ್ 29

ಮೇಷ್ಟ್ರುಗಳಲ್ಲೇ ಎರಡು ಪಕ್ಷ ಆಯ್ತು. ಜುಫ್ರಿಗೆ ಕೋಲ್ಮನ್ ನುಡಿಸಾಣಿಕೆ ಹುಚ್ಚು ಹಿಡಿಸಿತು, ಅವರ ಜೊತೆ ತಾವೂ ನುಡಿಸಿದ್ರು. ಗುಂಥರ್ ಶುಲರ್, ಲೂಯಿಸ್ ಬೆಂಬಲಕ್ಕೆ ನಿಂತ್ರು. ಟ್ರೊಂಬೋನ್ ವಾದಕ ಬಾಬ್ ಬ್ರೂಕ್‌ಮೇಯರ್‌ಗೆ ಇದು ಶ್ರುತಿ ಸೇರದ ಗದ್ದಲ. ಸಾಧಾರಣ ಸಂಗತಿ ಅಲ್ಲ ಇದು. ಸ್ವರ ತಪ್ಪು ಅಂತ ಯಾರು ತೀರ್ಮಾನ ಮಾಡೋದು? ಮೇಷ್ಟ್ರಾ, ಹಾಳೆಯಾ, ಅಥವಾ ಜೊತೆಗೆ ನುಡಿಸೋರಾ?

1959ರ ಆಗಸ್ಟ್ 29ರ ಸಂಜೆ ವಿದ್ಯಾರ್ಥಿಗಳ ಕೊನೆಯ ಕಛೇರಿ. ಕೋಲ್ಮನ್ ಅವರದ್ದೇ ಟ್ಯೂನ್‌ಗಳನ್ನ ಅವರ ಕಾಂಬೋ ಜನರ ಮುಂದೆ ನುಡಿಸಿತು. ಶಾಲೆ ಅವರನ್ನ ತಿದ್ದಿ ಸಾಲಿಗೆ ನಿಲ್ಲಿಸಲಿಲ್ಲ, ವೇದಿಕೆ ಕೊಟ್ಟಿತು. ನವೆಂಬರ್ 17ಕ್ಕೆ ನ್ಯೂಯಾರ್ಕ್‌ನ ಫೈವ್ ಸ್ಪಾಟ್ ಕ್ಲಬ್‌ನಲ್ಲಿ ಅವರ ತಂಡ ಶುರುಮಾಡಿತು. ಎರಡು ವಾರಕ್ಕೆ ಅಂತ ಗೊತ್ತಾಗಿದ್ದು ಎರಡು ತಿಂಗಳು ದಾಟಿತು, ಊರೆಲ್ಲ ಅದೇ ಜಗಳ. 2007ರಲ್ಲಿ ಇದೇ ಕೋಲ್ಮನ್‌ಗೆ ಸಂಗೀತದ ಪುಲಿಟ್ಜರ್ ಬಂತು.

ಶಾಲೆಯ ಗತಿ? ಹಣ ಸಾಲದೆ 1960ರ ಬ್ಯಾಚಿನ ನಂತರ ನಿಂತೇಹೋಯ್ತು. ಒಟ್ಟು ನಾಲ್ಕು ಬೇಸಿಗೆ.

ಲಾಭ-ನಷ್ಟದ ಖಾತೆ ಬರೆದ್ರೆ ಲೆನಾಕ್ಸ್ ಸೋತ ಸಂಸ್ಥೆ. ಆದ್ರೆ ಗುಡ್‌ವಿಲ್ ಅನ್ನೋದೂ ಆಸ್ತಿಯೇ ಅಂತ ನಮಗೆ ಕಲಿಸ್ತಾರಲ್ಲ? ಕಣ್ಣಿಗೆ ಕಾಣಲ್ಲ, ಮುಟ್ಟೋಕಾಗಲ್ಲ, ಆದ್ರೂ ಇರುತ್ತೆ. ಅದು ಎಲ್ಲಿಗೆ ಹೋಯ್ತು ನೋಡೋಣ.

ಭಾಗ 7/9: ಡೇವಿಡ್ ಬೇಕರ್

1959ರ ಅದೇ ಬ್ಯಾಚಿನಲ್ಲಿ ಇಂಡಿಯಾನಾಪೊಲಿಸ್‌ನಿಂದ ಬಂದ ಟ್ರೊಂಬೋನ್ ವಾದಕರೊಬ್ಬರಿದ್ರು, ಡೇವಿಡ್ ಬೇಕರ್. ಕಪ್ಪು ಮಕ್ಕಳಿಗಾಗಿಯೇ ಪ್ರತ್ಯೇಕ ಮಾಡಿದ್ದ ಕ್ರಿಸ್ಪಸ್ ಅಟಕ್ಸ್ ಹೈಸ್ಕೂಲಿನಲ್ಲಿ ಓದಿದವರು. ಆಮೇಲೆ ಮಿಸೂರಿ ರಾಜ್ಯದ ಲಿಂಕನ್ ಯೂನಿವರ್ಸಿಟಿಯಲ್ಲಿ ಪಾಠ ಮಾಡ್ತಿದ್ರು. ಬಿಳಿಯ ಗಾಯಕಿಯೊಬ್ಬರನ್ನ ಮದುವೆಯಾದ್ರು. ಆ ರಾಜ್ಯದ ಕಾನೂನಿನಲ್ಲಿ ಅಂಥ ಮದುವೆಯೇ ಅಪರಾಧ. ಕೆಲಸ ಬಿಡಬೇಕಾಯ್ತು. ಇಂಥ ಕಾನೂನುಗಳನ್ನ ಅಮೆರಿಕದ ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು 1967ರಲ್ಲಿ.

ಲೆನಾಕ್ಸ್‌ನಲ್ಲಿ ಅವರಿಗೆ ಸಿಕ್ಕವರು ಜಾರ್ಜ್ ರಸೆಲ್. 1953ರಲ್ಲೇ ಲಿಡಿಯನ್ ಸ್ಕೇಲ್ ಆಧಾರವಾಗಿಟ್ಟು ಜಾಝ್‌ಗೆ ಹೊಸ ಸಿದ್ಧಾಂತ ಬರೆದಿದ್ದವರು. ಒಂದು ಕಾರ್ಡ್ ಬಂದಾಗ ಅದಕ್ಕೆ ಒಪ್ಪೋ ಸ್ವರಗಳ ಸಾಲು ಯಾವುದು ಅಂತ ಹುಡುಕೋ ಆಲೋಚನೆ ಅದು. ಮರುವರ್ಷವೇ ಬೇಕರ್ ರಸೆಲ್ ತಂಡದಲ್ಲಿ ರೆಕಾರ್ಡ್ ಮಾಡ್ತಿದ್ರು.

ಹಣೆಬರಹ ನೋಡಿ. 1953ರ ಕಾರು ಅಪಘಾತದಲ್ಲಿ ದವಡೆಗೆ ಬಿದ್ದ ಪೆಟ್ಟು ಆಮೇಲೆ ಕಾಡಿತು, ಟ್ರೊಂಬೋನ್ ಬಿಡಬೇಕಾಯ್ತು. ಬೇಕರ್ ಸೆಲ್ಲೋ ಹಿಡಿದ್ರು, ಜೊತೆಗೆ ಪಾಠ ಮಾಡೋದನ್ನೇ ಜೀವನ ಮಾಡ್ಕೊಂಡ್ರು. ತಾವು ಓದಿದ್ದ ಇಂಡಿಯಾನಾ ಯೂನಿವರ್ಸಿಟಿಯಲ್ಲೇ 1960ರ ದಶಕದ ಕೊನೆಗೆ ಜಾಝ್ ಡಿಗ್ರಿ ಕಟ್ಟಿದ್ರು. 1969ರಲ್ಲಿ ಇಂಪ್ರೊವೈಸೇಷನ್ ಕಲಿಸೋ ದೊಡ್ಡ ಪುಸ್ತಕ ಬರೆದ್ರು.

ಮದುವೆಯಾದ ತಪ್ಪಿಗೆ ಕ್ಲಾಸ್‌ರೂಮಿನಿಂದ ಹೊರಗೆ ಕಳಿಸಿದ್ದ ಮನುಷ್ಯ ಸಾವಿರಾರು ಮಕ್ಕಳಿಗೆ ಕ್ಲಾಸ್‌ರೂಮ್ ತೆರೆದ್ರು. ಭಾಗ 3ರ ಎರಡನೇ ಪ್ರಶ್ನೆಗೆ ಇದಕ್ಕಿಂತ ಒಳ್ಳೇ ಉತ್ತರ ನನಗೆ ಸಿಕ್ಕಿಲ್ಲ.

ಭಾಗ 8/9: ರೆಕಾರ್ಡಿನಲ್ಲಿರೋ ತಂಡ, ಕದ್ದು ಮಾರಿದ ಪುಸ್ತಕ

ಬೇಕರ್ ಬಳಗದ ಇನ್ನೊಬ್ಬರು ಅದೇ ಇಂಡಿಯಾನಾದ ಜೇಮಿ ಏಬರ್ಸೋಲ್ಡ್. ಅವರು ಕೇಳ್ಕೊಂಡ ಪ್ರಶ್ನೆ ಸರಳ. ಹಳ್ಳಿಯಲ್ಲಿರೋ ಹುಡುಗನಿಗೆ ಜೊತೆಗೆ ನುಡಿಸೋಕೆ ಬೇಸ್, ಡ್ರಮ್ಸ್ ಎಲ್ಲಿಂದ ಬರಬೇಕು? 1967ರಲ್ಲಿ ಒಂದು ಪುಸ್ತಕ, ಅದರ ಜೊತೆ ಒಂದು ರೆಕಾರ್ಡ್ ತಂದ್ರು. ರೆಕಾರ್ಡಿನಲ್ಲಿ ರಿದಮ್ ಸೆಕ್ಷನ್ ಮಾತ್ರ ನುಡಿಸುತ್ತೆ, ಸೋಲೋ ಜಾಗ ಖಾಲಿ, ಅದು ನಿಮ್ಮದು. ಮುಂದಿನ ಸಂಪುಟಗಳಲ್ಲಿ ಸ್ಟೀರಿಯೋದ ಒಂದು ಕಡೆ ಬೇಸ್ ಮತ್ತು ಡ್ರಮ್ಸ್, ಇನ್ನೊಂದು ಕಡೆ ಪಿಯಾನೋ ಮತ್ತು ಡ್ರಮ್ಸ್. ಬೇಸ್ ಕಲಿಯೋರು ಬೇಸ್ ಇರೋ ಕಡೆ ಆಫ್ ಮಾಡಿ ತಾವೇ ನುಡಿಸಬಹುದು. ಸಂಪುಟಗಳು 133ರವರೆಗೆ ಬಂದವು.

ಟ್ಯೂನ್‌ಗಳ ಹಾಳೆಗೂ ಒಂದು ಕಥೆ ಇದೆ. 1970ರ ದಶಕದ ಮಧ್ಯದಲ್ಲಿ ಬರ್ಕ್ಲೀ ವಿದ್ಯಾರ್ಥಿಗಳು ನೂರಾರು ಟ್ಯೂನ್‌ಗಳನ್ನ ಕೈಯಲ್ಲಿ ಬರೆದು 'ದಿ ರಿಯಲ್ ಬುಕ್' ಅಂತ ಮಾಡಿ ಗುಟ್ಟಾಗಿ ಮಾರಿದ್ರು. ರಾಯಲ್ಟಿ ಸೊನ್ನೆ. ಟ್ಯೂನ್ ಕಟ್ಟಿದವರಿಗೆ ಒಂದು ಪೈಸೆ ಇಲ್ಲ. ಆದ್ರೂ ಪ್ರಪಂಚದ ಜಾಝ್ ಕಲಿಯೋರೆಲ್ಲರ ಬ್ಯಾಗಿನಲ್ಲಿ ಅದು ಸೇರ್ತು. ಹಣ ಕೊಟ್ಟು ಹಕ್ಕು ಪಡೆದ ಆವೃತ್ತಿಯನ್ನ ಹಾಲ್ ಲೆನರ್ಡ್ ಕಂಪನಿ ತಂದಿದ್ದು 2004ರಲ್ಲಿ. ಕಲಿಯೋರ ಹಸಿವು ನಿಜ, ಬರೆದವರ ಹಕ್ಕೂ ನಿಜ. ಈ ಲೆಕ್ಕ ಟ್ಯಾಲಿ ಆಗೋಕೆ ಸುಮಾರು 30 ವರ್ಷ ಹಿಡೀತು.

ಹೀಗೆ ಹಾಳೆನೂ ಸಿಕ್ತು, ರೆಕಾರ್ಡಿನಲ್ಲಿ ತಂಡನೂ ಸಿಕ್ತು. ಆದ್ರೆ ರೆಕಾರ್ಡಿಗೆ ಒಂದು ಕೊರತೆ ಇದೆ: ಅದು ನಿಮ್ಮನ್ನ ಕೇಳಿಸಿಕೊಳ್ಳಲ್ಲ. ನೀವು ಮೆಲ್ಲಗಾದ್ರೆ ಅದರ ಡ್ರಮ್ಸ್ ಮೆಲ್ಲಗಾಗಲ್ಲ, ದಾರಿ ತಪ್ಪಿದ್ರೆ ಅದರ ಪಿಯಾನೋ ಕೈ ಹಿಡಿಯಲ್ಲ. ಇದು ಏಬರ್ಸೋಲ್ಡ್‌ಗೂ ಗೊತ್ತಿತ್ತು. ಅವರೇ ವರ್ಷ ವರ್ಷ ನಡೆಸಿದ ಬೇಸಿಗೆ ವರ್ಕ್‌ಶಾಪ್‌ಗಳಲ್ಲಿ ನುಡಿಸಾಣಿಕೆ ಕೇಳಿ, ಮಟ್ಟ ನೋಡಿ, ಮಕ್ಕಳನ್ನ ಕಾಂಬೋಗಳಾಗಿ ಹಂಚ್ತಿದ್ರು. ಬೇಕರ್ ಕೂಡ ಬಂದು ಪಾಠ ಮಾಡ್ತಿದ್ರು. ಲೆನಾಕ್ಸ್‌ನ ಗುಡ್‌ವಿಲ್ ಸೇರಿದ್ದು ಇಲ್ಲಿಗೆ.

ಭಾಗ 9/9: ನಮಗೇನು?

ಕಲಿಸೋಕಾಗುತ್ತಾ ಅನ್ನೋ ಪ್ರಶ್ನೆಗೆ ವಾಪಸ್ ಬರೋಣ. ನಮ್ಮ ಕಡೆ ಇದು ಹೊಸ ಪ್ರಶ್ನೆ ಅಲ್ಲ. ಸರಳೆ, ಜಂಟಿ, ಅಲಂಕಾರ, ಗೀತೆ, ವರ್ಣ, ಕೃತಿ ಅಂತ ಮೆಟ್ಟಿಲು ಹತ್ತಿಸಿ, ಆಮೇಲೆ ಮನೋಧರ್ಮಕ್ಕೆ ಬಿಡೋ ಪದ್ಧತಿ ಕರ್ನಾಟಕ ಸಂಗೀತದಲ್ಲಿ ಎಷ್ಟೋ ಕಾಲದಿಂದ ಇದೆ. ಆ ಮೊದಲ ಪಾಠಗಳನ್ನ ಕಟ್ಟಿಕೊಟ್ಟವರು ಪುರಂದರದಾಸರು ಅಂತ ಸಂಪ್ರದಾಯ ಹೇಳುತ್ತೆ. ಮೆಟ್ಟಿಲು ಕಲಿಸಬಹುದು. ಜಿಗಿಯೋದನ್ನ ಯಾರೂ ಕೈಗೆ ಕೊಡೋಕಾಗಲ್ಲ. ಆದ್ರೆ ಜಿಗಿದಾಗ ಬಿದ್ರೂ ನಗದೇ ಇರೋ ಜನರನ್ನ ಸುತ್ತ ನಿಲ್ಲಿಸಬಹುದು. ವರ್ಕ್‌ಶಾಪ್ ಕಾಂಬೋ ಅಂದ್ರೆ ಅಷ್ಟೇ.

ಈ ಎರಡು ಲೋಕ ಸೇರಿದ್ದೂ ಉಂಟು. ಬರ್ಕ್ಲೀಯಲ್ಲಿ ಪಾಠ ಮಾಡಿದ್ದ ಸ್ಯಾಕ್ಸಫೋನ್ ವಾದಕ ಚಾರ್ಲಿ ಮರಿಯಾನೋ ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಸೇರಿ 'ಜ್ಯೋತಿ' ಅನ್ನೋ ಆಲ್ಬಂ ಮಾಡಿದ್ರು. 1983ರಲ್ಲಿ ಇಸಿಎಂ ಕಂಪನಿಯಿಂದ ಬಂತು. ಆರ್. ಎ. ರಮಾಮಣಿ ಅವರ ಗಾಯನ, ಟಿ. ಎ. ಎಸ್. ಮಣಿ ಅವರ ಮೃದಂಗ. ಹುಡುಕಿ ಕೇಳಿ. ಸ್ಯಾಕ್ಸಫೋನು ಹಾಡಿಗೆ ಹೇಗೆ ಜಾಗ ಬಿಟ್ಟುಕೊಡುತ್ತೆ ಗಮನಿಸಿ.

ನಮ್ಮ ಕಾಲೇಜು ಫೆಸ್ಟ್‌ಗಳಲ್ಲಿ ಬ್ಯಾಂಡ್ ಸ್ಪರ್ಧೆ ನೋಡಿದ್ದೀರಲ್ಲ? ಒರಿಜಿನಲ್ ಹಾಡಿಗೆ ಎಷ್ಟು ಹತ್ತಿರ ಇದೆ ಅನ್ನೋದಕ್ಕೇ ಚಪ್ಪಾಳೆ. ಗಿಟಾರ್ ಹುಡುಗಿ ಎಂಟು ಬಾರ್ ತನ್ನದೇ ಏನೋ ಸೇರಿಸಿದ್ರೆ 'ತಪ್ಪು ನುಡಿಸಿದ್ಲು' ಅಂತ ಹಿಂದಿನ ಸಾಲಲ್ಲಿ ಪಿಸುಮಾತು. ಆ ಪಿಸುಮಾತೂ ಒಂದು ಸಿಂಬಲ್ಲೇ, ಸದ್ದು ಕಮ್ಮಿ ಅಷ್ಟೇ.

ಹಾಗಾಗಿ ಒಂದು ಸಣ್ಣ ಕೆಲಸ ಕೊಡ್ತೀನಿ. ಮೂರು ಜನ ಸೇರಿ. ವಾದ್ಯ ಇಲ್ದಿದ್ರೆ ಮೇಜು ಬಡಿಯೋಕೆ ಒಬ್ಬರು, ಶ್ರುತಿ ಹಿಡಿಯೋಕೆ ಒಬ್ಬರು, ಹಾಡೋಕೆ ಒಬ್ಬರು. ಎಲ್ಲರಿಗೂ ಗೊತ್ತಿರೋ ಒಂದು ಹಾಡಿನ ಪಲ್ಲವಿ ಹಾಡಿ, ಆಮೇಲೆ ಅದೇ ಅಳತೆಯಲ್ಲಿ ಒಬ್ಬೊಬ್ಬರೇ ನಿಮ್ಮದನ್ನ ಹಾಡಿ, ಮತ್ತೆ ಪಲ್ಲವಿಗೆ ಬನ್ನಿ. ನಿಯಮ ಒಂದೇ: ಒಬ್ಬರು ದಾರಿ ತಪ್ಪಿದ್ರೆ ಉಳಿದಿಬ್ಬರು ನಿಲ್ಲಿಸಬಾರದು, ಅವರು ಹೋದ ಕಡೆ ತಾವೂ ಹೋಗಬೇಕು.

ಮಾಡಿ ನೋಡಿದವರು ಕಮೆಂಟ್‌ನಲ್ಲಿ ಬರೀರಿ, ಯಾವ ಹಾಡು, ಎಲ್ಲಿ ತಪ್ಪಿತು, ಹೇಗೆ ವಾಪಸ್ ಬಂದ್ರಿ ಅಂತ. ಈ ಸೀರೀಸ್ ಸೇವ್ ಮಾಡ್ಕೊಳ್ಳಿ. ಬ್ಯಾಂಡ್ ಕಟ್ಟಬೇಕು ಅಂತ ಒದ್ದಾಡ್ತಿರೋ ಒಬ್ಬ ಫ್ರೆಂಡ್‌ಗೆ ಕಳಿಸಿ.

ಇಂಟರ್ನಲ್ಸ್ ಮುಗಿದ ಮೇಲೆ ಸಿಗ್ತೀನಿ.

#ಜಾಝ್‌ಕಥೆ #ಲೆನಾಕ್ಸ್ #ಹಿಸ್ಟರಿಕನ್ನಡದಲ್ಲಿ #ಬಿಕಾಂಹುಡುಗಿಯಹಿಸ್ಟರಿ